ವೈಟ್‌ಚಾಪಲ್ ಪ್ರದಕ್ಷಿಣೆ

ಮಗನಲ್ಲಿಗೆ ಲಂಡನ್ನಿಗೆ ಹೋಗಿದ್ದಾಗ, ಹಣ ತೆತ್ತು ವೈಟ್‌ಚಾಪಲ್ಲಿನ ಕೊಲೆಯ ನೆಲೆಗಳನ್ನು ಸುತ್ತುವ ಗುಂಪೊಂದನ್ನು ಕೂಡಿಕೊಂಡೆನು. 1888ರಲ್ಲಿ ಐವರು ಬಡ ಸ್ತ್ರೀಯರನ್ನು ಕೊಂದನೆನ್ನುವ, ಯಾರೆಂದು ಇಂದಿಗೂ ತಿಳಿಯದ 'ಜ್ಯಾಕ್ ದಿ ರಿಪ್ಪರ್' ಎಂಬವನೇ ಅಲ್ಲಿಯ ಕಥಾನಾಯಕ. (ಮೊದಲ ಕೊಲೆ ನಡೆದ ಬಕ್ಸ್ ರೋ ಬೀದಿಯವರಾದರೋ 1892ರಲ್ಲಿ ಬೀದಿಯ ಹೆಸರನ್ನೇ ಬದಲಾಯಿಸಿಕೊಂಡರು.) ಮೈಟರ್ ಚೌಕದಲ್ಲಿ ಮಾರ್ಗದರ್ಶಿಯು ಗಾಯಗಳನ್ನು ಒಂದೊಂದಾಗಿ ವರ್ಣಿಸಿದನು, ಸತ್ತವಳಿಗೆ ಸಂದುದು ಒಂದೇ ವಾಕ್ಯ.

ವಧೆಯನ್ನು ರಂಗದ ಮೇಲೆ ತೋರಲಾಗದೆಂಬ ನಮ್ಮ ಲಾಕ್ಷಣಿಕರ ವಿಧಿಯನ್ನು ಪಾಠಶಾಲೆಯ ದಿನಗಳಲ್ಲಿ ಬರಿಯ ಮಡಿವಂತಿಕೆಯೆಂದೆಣಿಸಿದ್ದೆನು. ಆ ಚೌಕದಲ್ಲಿ ಅದರ ಅರ್ಥವಾಯಿತು: ಬೀಭತ್ಸವು ಮುಂದೆ ಬಂದು ನಿಂತರೆ ಕರುಣಕ್ಕೆ ಎಡೆಯೇ ಉಳಿಯದು.

ಹ್ಯಾಲಿ ರೂಬನ್‌ಹೋಲ್ಡ್ ಎಂಬ ವಿದುಷಿಯು 2019ರಲ್ಲಿ ಪ್ರಕಟಿಸಿದ 'ದಿ ಫೈವ್' ಎಂಬ ಗ್ರಂಥವು ಕೊಲೆಗಳನ್ನು ವರ್ಣಿಸದೆ ಐವರ ಬಾಳನ್ನು ಹೇಳುತ್ತದೆ. ಐವರೂ ವೇಶ್ಯೆಯರೆಂಬ ರೂಢಿಯ ಮಾತಿಗೆ ಮೂವರ ವಿಷಯದಲ್ಲಿ ಆಧಾರವಿಲ್ಲವೆಂಬುದು ಆಕೆಯ ವಾದ. ಕೆಲವೆಡೆ ಊಹೆ ಹೆಚ್ಚಾಯಿತೆಂದು ನನಗೆ ತೋರಿತು. ಆದರೆ ಮೈಟರ್ ಚೌಕದಲ್ಲಿ ಸತ್ತ ಕ್ಯಾಥರೀನ್ ಎಡೋಸಳ ಬಳಿ ದೊರೆತ ವಸ್ತುಗಳ ಪಟ್ಟಿಗೆ ಬಂದಾಗ ಓದು ನಿಂತಿತು. ಚಹಕ್ಕೊಂದು, ಸಕ್ಕರೆಗೊಂದು ತಗಡಿನ ಡಬ್ಬಿ, ಸಾಬೂನಿನ ಆರು ತುಂಡು, ಚಮಚ, ಸಂಗಾತಿಯ ಬೂಟುಗಳನ್ನು ಅಡವಿಟ್ಟ ಚೀಟಿ. ಮನೆಯಿಲ್ಲದವಳು ಮನೆಯನ್ನೇ ಮಡಿಲಲ್ಲಿ ಕಟ್ಟಿಕೊಂಡು ತಿರುಗಿದಂತೆ! ಮಾರ್ಗದರ್ಶಿಯ ಬಾಯಲ್ಲಿ ಇವುಗಳ ಮಾತೇ ಬಂದಿರಲಿಲ್ಲ.