ಗಾಜಿನ ಉಬ್ಬು, ಬೆಳಕಿನ ಆಳ

ಬಣ್ಣದ ಗಾಜಿನ ತುಂಡುಗಳನ್ನು ಕುಲುಮೆಯಲ್ಲಿ ಬೆಸೆದು ಮಾಡಿದ ಕಲಾಕೃತಿಗಳಲ್ಲಿ ನಮ್ಮ ಕಣ್ಣು ಮೊದಲು ಹೋಗುವುದು ಬಣ್ಣದ ಕಡೆಗೆ. ಬಹುಪಾಲು ಕೃತಿಗಳು ಅಲ್ಲಿಗೇ ನಿಂತುಬಿಡುತ್ತವೆ. ಆಳವೆಂಬುದು ಅವುಗಳಲ್ಲಿ ವಿರಳ. ಇದಕ್ಕೆ ಗಾಜಿನ ಸ್ವಭಾವವೇ ಕಾರಣ. ಒಂದರ ಮೇಲೊಂದು ಇಟ್ಟ ತುಂಡುಗಳು ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿ ಹರಡಿ, ಸುಮಾರು 6 ಮಿಲಿಮೀಟರು ದಪ್ಪದ ಸಮತಟ್ಟಾದ ಹಲಗೆಯಾಗುತ್ತವೆ. ಶಾಖವನ್ನು ತಗ್ಗಿಸಿದರೆ ಉಬ್ಬು ಉಳಿಯುತ್ತದೆ ನಿಜ. ಆದರೆ ತುಂಡುಗಳನ್ನು ಮೇಲೆ ಅಂಟಿಸಿದಂತೆ ತೋರುತ್ತದೆ.

ಈ ತೊಡಕಿಗೆ ಬೇರೊಂದು ದಾರಿ ಕಂಡವರಲ್ಲಿ ಅಗ್ರಗಣ್ಯರು ಜೆಕ್ ದಂಪತಿಗಳಾದ ಸ್ತಾನಿಸ್ಲಾವ್ ಲಿಬೆನ್‌ಸ್ಕಿ (1921–2002) ಮತ್ತು ಯಾರೊಸ್ಲಾವಾ ಬ್ರಿಖ್ತೋವಾ (1924–2020). ಆತ ಚಿತ್ರ ಬರೆಯುವರು. ಆಕೆ ಅದಕ್ಕೆ ಜೇಡಿಮಣ್ಣಿನಲ್ಲಿ ಮೈ ಕೊಡುವರು. ಅದರಿಂದ ತೆಗೆದ ಅಚ್ಚಿನೊಳಗೆ ಗಾಜು ಕುಲುಮೆಯಲ್ಲಿ ಕರಗಿ ತುಂಬಿಕೊಳ್ಳುವುದು. ಆಮೇಲೆ ದಿನಗಟ್ಟಲೆ ಮೆಲ್ಲಮೆಲ್ಲಗೆ ತಣಿಸಬೇಕು. ಅವಸರ ಮಾಡಿದರೆ ಗಾಜು ಬಿರುಕು ಬಿಡುತ್ತದೆ.

1958ರ ಬ್ರಸೆಲ್ಸ್ ವಿಶ್ವಪ್ರದರ್ಶನಕ್ಕಾಗಿ ಇವರು ಗಾಜಿನ 'ಕಲ್ಲು'ಗಳನ್ನು ಕಾಂಕ್ರೀಟು ಗೋಡೆಯಲ್ಲಿ ಕೂಡಿಸಿದರು. ಆದಿಮಾನವನ ಗುಹಾಚಿತ್ರಗಳನ್ನು ನೆನಪಿಸುವ ಆ ಪ್ರಾಣಿಗಳನ್ನು ಮುಂದಕ್ಕೆ ಉಬ್ಬಿಸಿಲ್ಲ. ಹಿಂಬದಿಯಿಂದ ತಗ್ಗು ಮಾಡಿದ್ದಾರೆ. ಎದುರಿನಿಂದ ನೋಡುವವರಿಗೆ ಪ್ರಾಣಿ ಗಾಜಿನ ಒಡಲೊಳಗೆ ಉಸಿರಾಡುವಂತೆ ತೋರುತ್ತದೆ. ತಗ್ಗೇ ಉಬ್ಬಾಗಿ ಕಾಣುವ ಈ ಚಮತ್ಕಾರ ಬರಿಯ ಕೈಚಳಕವಲ್ಲ. ದಪ್ಪ ಹೆಚ್ಚಿದಷ್ಟೂ ಬಣ್ಣದ ಗಾಜು ಹೆಚ್ಚು ಬೆಳಕನ್ನು ಹೀರುತ್ತದೆಂದು ನಾವು ಭೌತಶಾಸ್ತ್ರದಲ್ಲಿ ಓದಿದ್ದೇವೆ. ಆ ನಿಯಮವೇ ಇಲ್ಲಿ ಕುಂಚವಾಗಿದೆ. 1993ರ 'ಕೆಂಪು ಪಿರಮಿಡ್ಡ'ನ್ನು ನೋಡಿ: ಬಳಸಿದ್ದು ಒಂದೇ ಕೆಂಪು. ತೆಳುವಾದಲ್ಲಿ ಅದು ಕೆಂಡದಂತೆ ಬೆಳಗುತ್ತದೆ, ದಪ್ಪವಾದಲ್ಲಿ ಕಪ್ಪಿಗೆ ತಿರುಗುತ್ತದೆ.

ಒಂದು ಮಿತಿಯನ್ನೂ ಹೇಳಲೇಬೇಕು. ನಮ್ಮ ಗುಡಿಗಳ ಗೋಡೆಯ ಕಲ್ಲಿನ ಉಬ್ಬುಶಿಲ್ಪಕ್ಕೆ ಓರೆಯಾಗಿ ಬೀಳುವ ಬಿಸಿಲು, ಅದರ ನೆರಳು ಸಾಕು. ಈ ಗಾಜಿಗಾದರೋ ಬೆಳಕು ಒಳಹೊಕ್ಕು ಹೊರಬರಬೇಕು. ಬೆನ್ನಿಗೆ ಕತ್ತಲ ಗೋಡೆ ಬಂದರೆ ಕೃತಿಯ ಅರ್ಧ ಜೀವ ಹೋದಂತೆಯೇ. ಆದ್ದರಿಂದ ಅದನ್ನು ಎಲ್ಲಿ ನಿಲ್ಲಿಸಬೇಕೆಂಬುದೂ ಕಲಾವಿದನ ಕೆಲಸದ ಭಾಗವೇ ಆಗುತ್ತದೆ.

ಆದರೂ ಇವರ ಸಾಧನೆ ದೊಡ್ಡದು. ಗಾಜಿನ ಮೇಲೆ ಗಾಜು ಪೇರಿಸಿದರೆ ಎತ್ತರ ಬಂದೀತು, ಆಳ ಬಾರದು. ಕಲ್ಲನ್ನು ಅನುಕರಿಸುವ ಗಾಜು ಕಲ್ಲಿಗಿಂತ ಬಡವಾಗಿಯೇ ಉಳಿಯುತ್ತದೆ. ಕಲ್ಲಿಗಿಲ್ಲದ ಗುಣವೊಂದು ಗಾಜಿಗಿದೆ; ಅದು ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಆ ಗುಣವನ್ನು ನಂಬಿದವರ ಕೃತಿಗಳಲ್ಲಿ ಮಾತ್ರ ನಮಗೆ ಆಳ ಕಾಣುತ್ತದೆ.