ಸೋಫಾ ಒರೆಸಬೇಡಿ, ಸಂಪು ಮುಚ್ಚಿ

ಈ ವಾರ ಓದುಗರ ಪತ್ರಗಳು ನುಗ್ಗಿವೆ. ಒಂದು ಧಾಟಿ ಹೀಗೆ: “ಸಾರ್, ನಾಯಿ ದತ್ತು ತಗೊಳ್ಳೋಕೆ ಫಾರಂ ತುಂಬಿದ್ದೀವಿ. ಭಾನುವಾರ ಹೋಮ್ ಚೆಕ್‌ಗೆ ಬರ್ತಾರಂತೆ. ಮನೆ ಹೇಗಿಟ್ಟಿರಬೇಕು?” ಇನ್ನೊಂದು ಧಾಟಿ: “ಬೀದೀಲಿ ಸಿಕ್ಕಿದ ನಾಯಿ ಕೊಡೋಕೆ ಇಷ್ಟೊಂದು ತನಿಖೆನಾ? ದುಡ್ಡು ಕೊಟ್ಟರೆ ಪೆಟ್ ಶಾಪಿನವರು ಹತ್ತು ನಿಮಿಷದಲ್ಲಿ ಕೊಟ್ಟು ಕಳಿಸ್ತಾರೆ.”

ಎರಡನೆಯವರಿಗೆ ಮೊದಲು ಉತ್ತರ. ಹೌದು, ಕೊಟ್ಟು ಕಳಿಸುತ್ತಾರೆ. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ನಿಯಮ ಹೇಳುತ್ತದೆ. ಹಲ್ಲು ನೆಟ್ಟಗೆ ಮೂಡದ ಮರಿಗಳು ರಟ್ಟಿನ ಡಬ್ಬದಲ್ಲಿ ಕೈ ಬದಲಾಯಿಸುವುದೂ ನಡೆದೇ ಇದೆ. ಹತ್ತು ನಿಮಿಷದಲ್ಲಿ ಮನೆ ಸೇರಿದ ನಾಯಿಯೇ ಮುಂದೊಂದು ದಿನ ಕೊರಳಪಟ್ಟಿ ಸಮೇತ ರಿಂಗ್ ರೋಡಿನಲ್ಲಿ ಸಿಗುವುದು. 2022ರಲ್ಲಿ ‘777 ಚಾರ್ಲಿ’ ನೋಡಿ ನಾಡೆಲ್ಲ ಕಣ್ಣೊರೆಸಿಕೊಂಡಿತು. ಆ ಚಿತ್ರ ತೋರಿಸಿದ್ದು ಮರಿ ಹಾಕಿಸಿ ಮಾರುವವರ ಕ್ರೌರ್ಯವನ್ನು. ಬಹಳ ಮಂದಿ ನೋಡಿಕೊಂಡು ಬಂದದ್ದು ಲ್ಯಾಬ್ರಡಾರಿನ ಮುದ್ದು ಮುಖವನ್ನಷ್ಟೇ. ಒಮ್ಮೆ ಮನೆ ಕಳೆದುಕೊಂಡ ನಾಯಿಯನ್ನು ಎರಡನೆಯ ಮನೆಗೆ ಕಳಿಸುವವರು ಹಿಂದೆಮುಂದೆ ನೋಡದೆ ಇನ್ನು ಯಾರು ನೋಡಬೇಕು?

ಈಗ ಭಾನುವಾರದ ವಿಷಯ. ರೆಸ್ಕ್ಯೂ ತಂಡಗಳ ಪರವಾಗಿ ನಾನೂ ಮನೆ ನೋಡಲು ಹೋಗುವುದುಂಟು. ಗಂಡಿನ ಕಡೆಯವರು ಬರುತ್ತಾರೇನೋ ಎಂಬಂತೆ ಕೇಸರಿಬಾತು, ಉಪ್ಪಿಟ್ಟು ಸಿದ್ಧವಾಗಿರುತ್ತದೆ. ಸೋಫಾಕ್ಕೆ ಹೊಸ ಹೊದಿಕೆ, ಮೂಲೆಯಲ್ಲಿ ಬೆಲೆಚೀಟಿ ಕೀಳದ ನಾಯಿ ಹಾಸಿಗೆ. ಇವು ಯಾವುವೂ ಲೆಕ್ಕಕ್ಕಿಲ್ಲ. ಬಂದವರ ಕಣ್ಣು ಮೊದಲು ಹೋಗುವುದು ಗೇಟಿನ ಕೆಳಗಿನ ಸಂದಿಗೆ, ಆಮೇಲೆ ಸಂಪಿಗೆ. ಬೆಂಗಳೂರಿನ ಮನೆಗಳಲ್ಲಿ ಗೇಟಿನ ಪಕ್ಕದಲ್ಲೇ ಸಂಪು. ನೀರು ಬಿಡುವ ದಿನ ಮುಚ್ಚಳ ತೆಗೆದವರು ಹಾಗೇ ಮರೆಯುತ್ತಾರೆ. ಒಳಗೆ ಬಿದ್ದ ಮರಿಗೆ ನುಣುಪು ಗೋಡೆ ಹತ್ತಲಾಗದು. ಅಪಾರ್ಟ್‌ಮೆಂಟಾದರೆ ಬಾಲ್ಕನಿಯ ಸರಳು ನೋಡುತ್ತಾರೆ: ಮರಿಯ ತಲೆ ತೂರುವಷ್ಟು ಸಂದಿಯಿದ್ದರೆ ಮೈಯೂ ತೂರೀತು, ಬಲೆ ಕಟ್ಟಿಸಿ. ತಾರಸಿಯ ಮೋಟುಗೋಡೆ, ಇಲಿ ಪಾಷಾಣ, ಕಾರ್ ಶೆಡ್ಡಿನಲ್ಲಿ ಬಾಯಿ ತೆರೆದಿಟ್ಟ ಡಬ್ಬಗಳು ಅದೇ ಪಟ್ಟಿಯವು. ಅಂಗಳದ ಕಣಗಿಲೆ ದೇವರಿಗೆ ಪ್ರಿಯವೇ ಇರಬಹುದು, ಎಲೆ ಅಗಿದ ನಾಯಿಯ ಹೃದಯಕ್ಕೆ ಅದು ವಿಷ. ಚಂದಕ್ಕೆಂದು ಕುಂಡದಲ್ಲಿಟ್ಟ ಸೈಕಾಸ್ ಯಕೃತ್ತನ್ನೇ ಕೆಡಿಸುತ್ತದೆ. ಎರಡನ್ನೂ ಬಾಯಿಗೆ ಎಟುಕದಂತೆ ಮಾಡಿ.

ಇಷ್ಟು ಒಂದು ಶನಿವಾರದ ಕೆಲಸ. ಬಡಗಿ, ವೆಲ್ಡಿಂಗಿನವನು, ಒಂದು ಬೀಗ, ಮುಗಿಯಿತು. ಇದರಲ್ಲಿ ತಪ್ಪು ಕಂಡರೆ ಸರಿಮಾಡಿಸಿ ಎನ್ನುತ್ತಾರೆಯೇ ಹೊರತು ನಾಯಿ ಇಲ್ಲ ಎನ್ನುವುದಿಲ್ಲ. ನಿಜವಾದ ಚೆಕ್ ಕಾಫಿ ಲೋಟ ಕೈಗೆ ಬಂದ ಮೇಲೆ ಶುರು.

ಬಾಡಿಗೆ ಮನೆಯೇ? ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ. ನಾಯಿ ಸಾಕಬೇಡಿ ಎನ್ನುವ, ಲಿಫ್ಟಿಗೆ ಬೇರೆ ಶುಲ್ಕ ಕೇಳುವ ಹಕ್ಕು ಅಪಾರ್ಟ್‌ಮೆಂಟ್ ಸಂಘಗಳಿಗಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿಯ 2015ರ ಸುತ್ತೋಲೆಯೇ ಹೇಳಿದೆ. ಮನೆ ಮಾಲೀಕರ ಮಾತು ಬೇರೆ. ಹಿಂದಿನ ಮರಿ ಪಾರ್ವೊದಲ್ಲಿ ಹೋಗಿತ್ತೇ? ಮುಚ್ಚಿಡಬೇಡಿ. ಆ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಕಾದಿರುತ್ತದೆ, ಫಿನಾಯಿಲಿಗೆ ಬಗ್ಗುವುದಿಲ್ಲ. ನಿಜ ಹೇಳಿದರೆ ಲಸಿಕೆ ಪೂರ್ತಿಯಾದ ದೊಡ್ಡ ನಾಯಿಯನ್ನು ಕೊಡುತ್ತಾರೆ. ಬಚ್ಚಿಟ್ಟರೆ ಇನ್ನೊಂದು ಮರಿ ಸಾಯುತ್ತದೆ. ಸಸ್ಯಾಹಾರಿ ಮನೆಯೇ? ಅದು ಅನರ್ಹತೆಯಲ್ಲ. ಆದರೆ ಬರೀ ಮೊಸರನ್ನದಲ್ಲಿ ನಾಯಿ ಬೆಳೆಯದು. ಮೊಟ್ಟೆಗೆ ಜಾಗವಿದೆಯೇ, ಒಣ ಆಹಾರದ ಚೀಲವಾದರೂ ಒಳಗೆ ಬರಬಹುದೇ ಎಂಬುದನ್ನು ಮನೆಯೊಳಗೆ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. “ಹಾಲ್‌ವರೆಗೂ ಬರಲಿ ಕಣಪ್ಪಾ, ದೇವರಮನೆ ಕಡೆ ಮಾತ್ರ ಬೇಡ” ಎಂದ ಅಜ್ಜಿಯ ಮನೆಗೆ ನಾನು ಕಣ್ಣು ಮುಚ್ಚಿ ಹೂಂ ಅಂದಿದ್ದೇನೆ. ಎಲ್ಲದಕ್ಕೂ ನಗುತ್ತಾ ತಲೆಯಾಡಿಸಿ, ಒಳಗೊಳಗೇ ಕುದಿಯುವ ಮನೆಗಿಂತ ಗಡಿ ಗೆರೆ ಹಾಕಿದ ಅಜ್ಜಿ ಮೇಲು.

ಇಲ್ಲಿಗೆ ನನ್ನ ಹಳೆಯ ಜಗಳ ಬಂತು. ಅದು ನಾಯಿಗೆ ಕಾಂಪೌಂಡು ಬೇಕೇಬೇಕು ಎನ್ನುವ ಕಾಂಪೌಂಡ್ ಪಂಥದವರೊಡನೆ. ಅರ್ಜಿದಾರರಲ್ಲೂ ಈ ಪಂಥವಿದೆ, ನಾಯಿ ಕೊಡುವವರಲ್ಲೂ ಇದೆ. “ನಮ್ಮದು ಕನಕಪುರ ರಸ್ತೆಯಲ್ಲಿ ಎರಡೆಕರೆ ತೋಟ ಸಾರ್, ಆರಾಮಾಗಿ ಓಡಾಡಿಕೊಂಡಿರತ್ತೆ” ಎನ್ನುತ್ತಾರೆ ಇವರು. “ಸ್ವಂತ ಮನೆ, ಕಾಂಪೌಂಡು ಇದ್ದವರಿಗೆ ಮಾತ್ರ” ಎನ್ನುತ್ತಾರೆ ಅವರು. ಎರಡೂ ಕಡೆಯವರು ನಾಯಿಗೆ ಬೇಕಾದದ್ದು ಜಾಗ ಎಂದುಕೊಂಡಿದ್ದಾರೆ. ನಾಯಿಗೆ ಬೇಕಾದದ್ದು ಜನ. ತೋಟದ ಮನೆಗೆ ಯಜಮಾನರು ಬರುವುದು ಭಾನುವಾರ. ಮಿಕ್ಕ ಆರು ದಿನ ನಾಯಿ ಪಂಪ್‌ಹೌಸಿನ ಪಕ್ಕ ಸರಪಳಿಯಲ್ಲಿ. ಬನ್ನೇರುಘಟ್ಟ, ಮಾಗಡಿ ಅಂಚಿನ ತೋಟಗಳಲ್ಲಿ ರಾತ್ರಿ ಕಟ್ಟಿಹಾಕಿದ ನಾಯಿಯೆಂದರೆ ಚಿರತೆಗೆ ಬಡಿಸಿಟ್ಟ ಎಲೆ. ಸದಾ ಕಟ್ಟಿಹಾಕುವ ನಾಯಿಯನ್ನು ಓಡಾಡಿಸದೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆ ಸರಪಳಿಯ ಉದ್ದವನ್ನೂ ಭಾರವನ್ನೂ ಕೇಳುತ್ತದೆ, ತೋಟದ ಎಕರೆ ಕೇಳುವುದಿಲ್ಲ.

ಅತ್ತ, ಒಂದು ಬೆಡ್‌ರೂಮಿನ ಬಾಡಿಗೆ ಮನೆಯ ಬ್ರಹ್ಮಚಾರಿಯನ್ನು ಫಾರಂ ನೋಡಿಯೇ ಹಿಂದಕ್ಕೆ ಕಳಿಸುತ್ತಾರೆ. ಕಾಂಪೌಂಡಿಲ್ಲದವನು ದಿನಕ್ಕೆ ಎರಡು ಸಲ ನಾಯಿಯನ್ನು ಬೀದಿಗೆ ಕರೆದೊಯ್ಯಲೇಬೇಕು. ಇರುವವನು ಗೇಟು ತೆಗೆದು ‘ಹೋಗು’ ಎಂದರೆ ಅವನ ಕರ್ತವ್ಯ ಮುಗಿಯಿತು. ನಾಯಿಯ ಕಾಲಿಗೆ, ಮೂಗಿಗೆ, ಮನಸ್ಸಿಗೆ ಯಾವುದು ಒಳ್ಳೆಯದು? ಹಾಗೆಂದು ಯಾವ ನಾಯಿ ಯಾವ ಮನೆಗಾದರೂ ಸರಿ ಎನ್ನುತ್ತಿಲ್ಲ. ಮುಧೋಳ ನಾಯಿ ಕಣ್ಣಿಗೆ ಕಂಡದ್ದರ ಬೆನ್ನು ಹತ್ತುವ ಜಾತಿ. ಅದನ್ನು ಕೇಳುವವರ ಗೋಡೆ ಎಷ್ಟು ಎತ್ತರ, ಪಕ್ಕದ ಮನೆಯಲ್ಲಿ ಕೋಳಿಯಿದೆಯೇ ಎಂದು ವಿಚಾರಿಸಬೇಕು. ಪ್ರಯೋಗಾಲಯದಿಂದ ಬಿಡುಗಡೆಯಾದ ಬೀಗಲ್ ಆದರೆ ಮಾತೇ ಬೇರೆ. ಹುಲ್ಲು, ಮೆಟ್ಟಿಲು, ಕುಕ್ಕರಿನ ಸೀಟಿ ಯಾವುದನ್ನೂ ಅರಿಯದೆ ಗೂಡಿನಲ್ಲಿ ಬೆಳೆದ ಜೀವ ಅದು. ಅಂಥದ್ದಕ್ಕೆ ಸದ್ದು ಕಡಿಮೆಯಿರುವ, ಆಗಲೇ ಒಂದು ಸಾಧು ನಾಯಿ ಇರುವ ಮನೆ ಹುಡುಕುತ್ತಾರೆ. ಬೀದಿಯಿಂದ ಬಂದ ನಮ್ಮ ಕಂತ್ರಿಗಾದರೋ ಮೊದಲ ವಾರಗಳಲ್ಲಿ ಬಾಗಿಲು ತೆರೆದದ್ದು ಕಂಡರೆ ಸಾಕು, ಒಂದೇ ಓಟ. ಅದಕ್ಕೇ ಕೊರಳಪಟ್ಟಿ, ಹಾರ್ನೆಸ್ ಎರಡಕ್ಕೂ ಹಗ್ಗ ಹಾಕಿ ಹೊರಡಿ ಎನ್ನುವುದು.

ಪೂರ್ತಿ ತಯಾರಿ ಪಟ್ಟಿ ಕೊಡಬೇಕೆಂದು ಕೂತವನು ನಾನು. ಆದರೆ ನಾಯಿ ದಾನದ ಮಾತು ಬಂದಾಗ ಆತಕೂರಿಗೆ ಹೋಗದೆ ಇರಲು ನನ್ನಿಂದಾಗುವುದಿಲ್ಲ. ಮದ್ದೂರು ತಾಲ್ಲೂಕಿನ ಊರು. ಅಲ್ಲಿನ ಶಾಸನದ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಕ್ರಿ.ಶ. 949–50ರದು. ಇತಿಹಾಸಕಾರರಿಗೆ ಅದು ತಕ್ಕೋಲದ ಯುದ್ಧದ ದಾಖಲೆ: ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಕಾದಾಡಿ ಚೋಳ ರಾಜಾದಿತ್ಯನನ್ನು ಕೊಂದದ್ದು ಅದರಲ್ಲಿದೆ. ನನಗೆ ಅದು ಕನ್ನಡದ ಅತಿ ದೊಡ್ಡ ನಾಯಿ ದಾಖಲೆ. ಬೂತುಗನ ಕಡೆ ಮುಂದೆ ನಿಂತು ಹೋರಾಡಿದವನು ಮಣಲೇರ. ಮೆಚ್ಚಿದ ದೊರೆ ಬೇಕಾದ್ದು ಬೇಡಿಕೋ ಎಂದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಕೊಟ್ಟ. ಮುಂದೆ ಬೇಳತೂರಿನ ಬೆಟ್ಟದ ಬಳಿ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ಹಂದಿ, ನಾಯಿ ಎರಡೂ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ. ಆ ಎರಡೂ ಪ್ರಾಣಿಗಳು ಸೆಣಸುತ್ತಿರುವುದನ್ನು ಕಲ್ಲಿನ ಮೇಲೆ ಇಂದಿಗೂ ನೋಡಬಹುದು.

ಇಂದಿನ ಹೋಮ್ ಚೆಕ್ಕಿನಲ್ಲಿ ಮಣಲೇರ ಖಂಡಿತ ಫೇಲು. ಬೇಟೆಗೆಂದು ನಾಯಿ ಕೇಳುವವನಿಗೆ ಯಾರೂ ಕೊಡುವುದಿಲ್ಲ, ಕೊಡಲೂಬಾರದು. ನನ್ನನ್ನು ಹಿಡಿದು ನಿಲ್ಲಿಸುವುದು ಶಾಸನದ ಮುಂದಿನ ಭಾಗ. ಕಲ್ಲು ನಿಲ್ಲಿಸಿ ಕೈ ತೊಳೆದುಕೊಳ್ಳಲಿಲ್ಲ ಅವನು. ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಟ್ಟ. ಗುಡಿ ನೋಡಿಕೊಳ್ಳುವ ಗೊರವನಿಗೆ ಹೊಣೆ ವಹಿಸಿದ. ಆ ಕಲ್ಲನ್ನು ಪೂಜಿಸದೆ ಗೊರವ ಉಂಡರೆ ಪಾಪ ಎಂದು ಬರೆಸಿದ. ನಾಯಿಗಾಗಿ ಯಾರು ಮಾಡಬೇಕು, ಯಾವ ಹಣದಲ್ಲಿ ಮಾಡಬೇಕು, ಮಾಡದಿದ್ದರೆ ಏನಾಗುತ್ತದೆ ಎಂಬ ಮೂರಕ್ಕೂ ಉತ್ತರ ಕಲ್ಲಿನಲ್ಲೇ ಇದೆ. ಪೂಜೆಯೂ ಗೊರವನ ಊಟಕ್ಕೆ ಮೊದಲು, ದಿನಾ.

ರೆಸ್ಕ್ಯೂ ತಂಡದವರು ಕಾಫಿ ಕುಡಿಯುತ್ತಾ ಸುತ್ತಿ ಬಳಸಿ ಕೇಳುವುದು ಈ ಮೂರನ್ನೇ. ಬೆಳಗ್ಗೆ ಆರಕ್ಕೆ ಮಳೆಯಲ್ಲಿ ಹೊರಗೆ ಕರೆದೊಯ್ಯುವವರು ಯಾರು? ಊರಿನ ಹಬ್ಬಕ್ಕೆ ಎಲ್ಲರೂ ಹೊರಟಾಗ ಇದನ್ನು ನೋಡಿಕೊಳ್ಳುವವರು ಯಾರು? ಸಂತಾನಹರಣ ಚಿಕಿತ್ಸೆ, ವರ್ಷ ವರ್ಷದ ರೇಬೀಸ್ ಲಸಿಕೆ, ಉಣ್ಣೆ ಜ್ವರದ ರಕ್ತ ಪರೀಕ್ಷೆಗೆ ಹಣ ಎಲ್ಲಿಂದ? ಮಗಳು ಹೊರದೇಶಕ್ಕೆ ಓದಲು ಹೋದರೆ ನಾಯಿ ಯಾರದ್ದು? “ಮನೆಯವರೆಲ್ಲ ನೋಡ್ಕೋತೀವಿ” ಎಂಬ ಉತ್ತರಕ್ಕೆ ನಾನು ಅಂಕ ಕೊಡುವುದಿಲ್ಲ. ಎಲ್ಲರ ನಾಯಿ ಮಧ್ಯಾಹ್ನ ಎರಡಾದರೂ ನೀರು ಕಾಣದ ನಾಯಿ.

ಮಾಡದಿದ್ದರೆ ಏನಾಗುತ್ತದೆ ಎಂಬ ಮೂರನೆಯ ಪ್ರಶ್ನೆಯ ಸ್ಥಿತಿ ಇಂದು ಏನು ಗೊತ್ತೇ? ಸಾಕಿದ ಪ್ರಾಣಿಯನ್ನು ಹಸಿವಿಗೆ ಬಿಟ್ಟು ಹೋದರೆ 1960ರ ಕಾಯ್ದೆಯಲ್ಲಿ ಮೊದಲ ಸಲಕ್ಕೆ ದಂಡ ಹೆಚ್ಚೆಂದರೆ 50 ರೂಪಾಯಿ. ಹತ್ತನೆಯ ಶತಮಾನದ ಗೊರವನ ಪಾಪಭಯ ಇದಕ್ಕಿಂತ ಭಾರಿ. ಕಾಯ್ದೆಯ ಈ ಕೊರತೆಯನ್ನು ತುಂಬಲು ತಂಡಗಳು ಕರಾರುಪತ್ರ ಬರೆಸಿಕೊಳ್ಳುತ್ತವೆ: ಸಾಕಲಾಗದಿದ್ದರೆ ನಮಗೇ ಹಿಂದಿರುಗಿಸಿ, ಬೇರೆಯವರಿಗೆ ದಾಟಿಸಬೇಡಿ, ನಾವು ಆಗಾಗ ಬಂದು ನೋಡುತ್ತೇವೆ. ಇದನ್ನು ಅವಮಾನವೆಂದು ತಿಳಿದು ಸಿಟ್ಟಾಗುವವರಿದ್ದಾರೆ. ಸಿಟ್ಟಾಗುವವರು ಸುಪ್ರೀಂ ಕೋರ್ಟಿನ 2025ರ ಆಗಸ್ಟ್ 22ರ ಆದೇಶವನ್ನೂ ಓದಿಕೊಳ್ಳಲಿ. ಬೀದಿನಾಯಿ ದತ್ತು ಬೇಕೆಂದವರು ಪಾಲಿಕೆಗೆ ಅರ್ಜಿ ಹಾಕಬಹುದು ಎಂದ ಕೋರ್ಟು, ಆ ನಾಯಿ ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವ ಹೊಣೆ ಅರ್ಜಿದಾರರದ್ದೇ ಎಂದೂ ಹೇಳಿತು.

ಆದ್ದರಿಂದ ಭಾನುವಾರಕ್ಕೆ ಕಾದಿರುವವರಿಗೆ ನನ್ನ ಮಾತು ಇಷ್ಟು. ಶನಿವಾರ ಸಂಪಿನ ಮುಚ್ಚಳ, ಗೇಟಿನ ಸಂದಿ ಸರಿಪಡಿಸಿ. ರಾತ್ರಿ ಊಟವಾದ ಮೇಲೆ ಮನೆಮಂದಿಯೆಲ್ಲ ಕೂತು ಆ ಮೂರು ಪ್ರಶ್ನೆಗೆ ಉತ್ತರ ಒಂದು ಹಾಳೆಯಲ್ಲಿ ಬರೆಯಿರಿ. ಮೊದಲ ಸಾಲಿನಲ್ಲಿ ಒಬ್ಬರೇ ಒಬ್ಬರ ಹೆಸರಿರಲಿ. ಆ ಹೆಸರಿನವರು ತಾವಾಗಿ ಹೂಂ ಅಂದಿದ್ದರೆ ಬಂದವರಿಗೆ ಹಾಳೆ ತೋರಿಸಿ, ಕೇಸರಿಬಾತು ಇಲ್ಲದಿದ್ದರೂ ನಡೆಯುತ್ತದೆ. ಹೆಸರು ಬರೆಯಲು ಯಾರೂ ಮುಂದೆ ಬರದಿದ್ದರೆ ರೆಸ್ಕ್ಯೂ ತಂಡಕ್ಕೆ ಫೋನು ಮಾಡಿ, ಈಗ ಬೇಡ ಎಂದು ಹೇಳಿಬಿಡಿ.