ಎಮರಿವಿಲ್‌ನ ಯೀಸ್ಟು ಮತ್ತು ಮಲೇರಿಯಾದ ಮದ್ದು

ಸಮಾಜಕ್ಕೆ ಉಪಯೋಗವಾಗುವ ಉದ್ಯಮ ಕಟ್ಟಬೇಕೆಂದು ಹೊರಟ ಯುವಕರ ಶಿಬಿರಗಳಲ್ಲಿ ಹೆಚ್ಚು ಕಮ್ಮಿ ಒಂದೇ ಧಾಟಿಯಲ್ಲಿ ಹೇಳುವ ಕಥೆಯೊಂದಿದೆ. ಆಫ್ರಿಕಾದ ಮಕ್ಕಳು ಮಲೇರಿಯಾದಿಂದ ಸಾಯುತ್ತಿದ್ದರು. ಮದ್ದು ಒಂದು ಗಿಡದಲ್ಲಿತ್ತು, ಆದರೆ ತುಟ್ಟಿಯಾಗಿತ್ತು. ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಆ ಗಿಡದ ಜೀನುಗಳನ್ನು ಯೀಸ್ಟಿನೊಳಗೆ ಕೂರಿಸಿ, ಬಿಯರ್ ಹುದುಗಿಸುವಷ್ಟು ಸಲೀಸಾಗಿ ಮದ್ದು ತಯಾರಿಸಿದರು. ಚಪ್ಪಾಳೆ. ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ 2013ರ ನಂತರದ ಪುಟಗಳನ್ನು ಯಾರೂ ತೆರೆಯುವುದಿಲ್ಲ. ಕಲಿಯಬೇಕಾದದ್ದೆಲ್ಲ ಆ ಪುಟಗಳಲ್ಲಿದೆ ಎಂಬುದು ನನ್ನ ವಾದ.

ಈ ಕಥೆಯ ಊರು ಎಮರಿವಿಲ್. ಓಕ್ಲೆಂಡ್ ಮತ್ತು ಬರ್ಕ್ಲಿಯ ನಡುವೆ, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಅಂಚಿಗೆ ಒತ್ತಿಕೊಂಡಿರುವ ಇದನ್ನು ಬೆಂಗಳೂರಿನವರು ಊರು ಎನ್ನಲಾರರು, ಬಡಾವಣೆ ಎಂದಾರು. ಹಿಂದೆ ಇಲ್ಲಿ ಉಕ್ಕು, ಬಣ್ಣದ ಕಾರ್ಖಾನೆಗಳಿದ್ದವು. ಈಗ ಪಿಕ್ಸಾರ್ ಸ್ಟುಡಿಯೊ ಇದೆ, ಜೈವಿಕ ತಂತ್ರಜ್ಞಾನದ ಪ್ರಯೋಗಾಲಯಗಳಿವೆ, ಬೀದಿ ಸುತ್ತುವ ಪುಕ್ಕಟೆ ಬಸ್ಸಿದೆ. ಪಿಸಿಆರ್ ಪರೀಕ್ಷೆ ಎಂದು ಕೊರೊನಾ ಕಾಲದಲ್ಲಿ ನಾವೆಲ್ಲ ಬಾಯಿಪಾಠ ಮಾಡಿಕೊಂಡೆವಲ್ಲ, ಅದು ಹುಟ್ಟಿದ್ದೂ ಇಲ್ಲಿಯ ಸೀಟಸ್ ಕಂಪನಿಯಲ್ಲೇ, 1983ರಲ್ಲಿ. ಕಂಡುಹಿಡಿದ ಕ್ಯಾರಿ ಮಲ್ಲಿಸ್‌ಗೆ ಕಂಪನಿ ಕೊಟ್ಟ ಬೋನಸ್ 10,000 ಡಾಲರ್. ಅದರ ಪೇಟೆಂಟನ್ನು ಮುಂದೆ ಔಷಧ ಕಂಪನಿ ರೋಶ್‌ಗೆ ಮಾರಿದ್ದು 30 ಕೋಟಿ ಡಾಲರಿಗೆ. ಸಂಶೋಧನೆಯ ಲಾಭ ಯಾರ ಪಾಲಿಗೆ ಎಂಬ ಪ್ರಶ್ನೆ ಈ ಊರಿಗೆ ಹೊಸದಲ್ಲ.

ಶಿಬಿರದ ಕಥೆಯ ಮದ್ದಿನ ಹೆಸರು ಆರ್ಟೆಮಿಸಿನಿನ್. ಅದನ್ನು ಚೀನಾದ ತು ಯೂಯೂ ಮತ್ತು ಸಂಗಡಿಗರು 1970ರ ದಶಕದ ಆರಂಭದಲ್ಲಿ, ಹಳೆಯ ವೈದ್ಯಗ್ರಂಥಗಳ ಜಾಡು ಹಿಡಿದು, ಆರ್ಟೆಮಿಸಿಯಾ ಆನ್ಯುವಾ ಗಿಡದಿಂದ ಬೇರ್ಪಡಿಸಿದ್ದರು. ಅದಕ್ಕೆ ತು ಅವರಿಗೆ 2015ರಲ್ಲಿ ನೊಬೆಲ್ ಬಂತು. ಹಳೆಯ ಕ್ಲೋರೋಕ್ವಿನ್ ಮಾತ್ರೆಗೆ ಫಾಲ್ಸಿಪಾರಂ ಜಾತಿಯ ಮಲೇರಿಯಾ ಬಗ್ಗದೇ ಹೋದಾಗ, ಆರ್ಟೆಮಿಸಿನಿನ್ ಜೊತೆ ಇನ್ನೊಂದು ಔಷಧ ಸೇರಿಸಿದ ಜೋಡಿಮದ್ದನ್ನೇ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಹೇಳಿತು. ಬೇಡಿಕೆ ಒಮ್ಮೆಲೇ ಏರಿತು. ಗಿಡ ಮಾತ್ರ ತನ್ನ ಕಾಲಕ್ಕೇ ಬೆಳೆಯುತ್ತದೆ. ಬಿತ್ತನೆಯಿಂದ ಮಾತ್ರೆಯವರೆಗೆ ಒಂದು ವರ್ಷಕ್ಕೂ ಹೆಚ್ಚು ಬೇಕು.

ಬರ್ಕ್ಲಿಯ ಪ್ರಾಧ್ಯಾಪಕ ಜೇ ಕೀಸ್ಲಿಂಗ್ ಅವರ ಪ್ರಯೋಗಾಲಯ ಈ ಮದ್ದಿನ ಮೊದಲ ಮೆಟ್ಟಿಲಾದ ಅಮಾರ್ಫಾಡೈಯೀನ್ ಎಂಬ ರಾಸಾಯನಿಕವನ್ನು 2003ರಲ್ಲಿ ಬ್ಯಾಕ್ಟೀರಿಯಾದೊಳಗೆ ತಯಾರಿಸಿ ತೋರಿಸಿತು. ಅದೇ ವರ್ಷ ಅವರೂ ಅವರ ಪ್ರಯೋಗಾಲಯದ ಕಿರಿಯರೂ ಸೇರಿ ಅಮೈರಿಸ್ ಕಂಪನಿ ಕಟ್ಟಿದರು. ಅದು ಬೇಗನೆ ಎಮರಿವಿಲ್‌ನಲ್ಲಿ ನೆಲೆಯಾಯಿತು. 2004ರ ಡಿಸೆಂಬರ್‌ನಲ್ಲಿ ಗೇಟ್ಸ್ ಪ್ರತಿಷ್ಠಾನ 4.26 ಕೋಟಿ ಡಾಲರ್ ಕೊಟ್ಟಿತು. ಹಣ ನೇರವಾಗಿ ಕಂಪನಿಗೆ ಹೋಗಲಿಲ್ಲ. ವಿಕ್ಟೋರಿಯಾ ಹೇಲ್ 2000ದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕಟ್ಟಿದ್ದ ಒನ್‌ವರ್ಲ್ಡ್ ಹೆಲ್ತ್ ಎಂಬ ಲಾಭರಹಿತ ಔಷಧ ಸಂಸ್ಥೆಯ ಮೂಲಕ ಹೋಯಿತು.

ಇಡೀ ಯೋಜನೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ವಿಶ್ವವಿದ್ಯಾಲಯ, ಕಂಪನಿ, ಲಾಭರಹಿತ ಸಂಸ್ಥೆ ಈ ಮೂವರ ನಡುವಿನ ಒಪ್ಪಂದ. ಬಡದೇಶಗಳ ಮಲೇರಿಯಾ ಮದ್ದಿನ ಮಟ್ಟಿಗೆ ವಿಶ್ವವಿದ್ಯಾಲಯ ರಾಯಧನ ಕೇಳುವಂತಿಲ್ಲ. ಕಂಪನಿ ಆ ಮದ್ದಿನಿಂದ ಲಾಭ ಮಾಡುವಂತಿಲ್ಲ. ಅದೇ ಯೀಸ್ಟಿನ ತಂತ್ರ ಬಳಸಿ ಇಂಧನ, ಸುಗಂಧ ಇನ್ನೇನನ್ನಾದರೂ ತಯಾರಿಸಿ ಕಾಸು ಮಾಡಿಕೊಳ್ಳಲು ಮಾತ್ರ ಕಂಪನಿ ಸ್ವತಂತ್ರ. ಅನುಮತಿ, ಉತ್ಪಾದಕರ ಹುಡುಕಾಟ ಲಾಭರಹಿತ ಸಂಸ್ಥೆಯ ಹೊಣೆ. ದಾನ ಮತ್ತು ವ್ಯಾಪಾರವನ್ನು ಒಂದೇ ಪಾತ್ರೆಯಲ್ಲಿ ಕಲಸದೆ, ಎರಡಕ್ಕೂ ಗೆರೆ ಎಳೆದು, ಆ ಗೆರೆಯನ್ನು ಕಾಗದದ ಮೇಲೆ ಬರೆದರು. ಜೀನು ಕತ್ತರಿಸುವ ಕೌಶಲ ಎಲ್ಲರಿಗೂ ಸಿಗದು. ಇಂಥ ಕರಾರು ಬರೆಯುವುದನ್ನು ಹುಬ್ಬಳ್ಳಿಯಲ್ಲಿ ನವೋದ್ಯಮ ಶುರು ಮಾಡುವ ಹುಡುಗಿಯೂ ಕಲಿಯಬಹುದು. ಆದರೂ ಶಿಬಿರಗಳಲ್ಲಿ ತೋರಿಸುವುದು ಯೀಸ್ಟಿನ ಚಿತ್ರವನ್ನೇ.

ವಿಜ್ಞಾನ ಸಂಪೂರ್ಣವಾಗಿ ಗೆದ್ದಿತು. 2006ರಲ್ಲಿ ಯೀಸ್ಟು ಒಂದು ಲೀಟರಿಗೆ ಸುಮಾರು 100 ಮಿಲಿಗ್ರಾಂ ಆರ್ಟೆಮಿಸಿನಿಕ್ ಆಮ್ಲ ಕೊಡುತ್ತಿತ್ತು. ಇದು ಮದ್ದಿಗಿಂತ ಕೆಲವು ಹಂತ ಹಿಂದಿನ ವಸ್ತು. ಕೆನಡಾದ ಸಂಶೋಧಕರ ನೆರವಿನಿಂದ ಗಿಡದ ಉಳಿದ ಕಿಣ್ವಗಳೂ ಸಿಕ್ಕವು. 2013ರ ಪ್ರಬಂಧದ ಹೊತ್ತಿಗೆ ಅದೇ ಇಳುವರಿ ಲೀಟರಿಗೆ 25 ಗ್ರಾಂ ಮುಟ್ಟಿತ್ತು, ಅಂದರೆ 250 ಪಟ್ಟು. 2008ರಲ್ಲೇ ಹಕ್ಕು ಪಡೆದಿದ್ದ ಫ್ರಾನ್ಸಿನ ಔಷಧ ಕಂಪನಿ ಸನೋಫಿ ಇಟಲಿಯ ಗರೆಸ್ಸಿಯೊ ಕಾರ್ಖಾನೆಯಲ್ಲಿ ಆ ಆಮ್ಲವನ್ನು ಬೆಳಕಿನ ಸಹಾಯದಿಂದ ಮದ್ದಾಗಿಸಿತು. 2013ರಲ್ಲಿ ಸುಮಾರು 35 ಟನ್ ಉತ್ಪಾದನೆ ಅದರ ಗುರಿ, ಆಮೇಲೆ ವರ್ಷಕ್ಕೆ 50-60 ಟನ್. ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆಯೂ ಬಂತು.

2015ರಲ್ಲಿ ಆ ಕಾರ್ಖಾನೆ ಒಂದು ಕಿಲೋ ಆರ್ಟೆಮಿಸಿನಿನ್ನನ್ನೂ ತಯಾರಿಸಲಿಲ್ಲ. ಮುಂದೆ ಅದನ್ನು ಬಲ್ಗೇರಿಯಾದ ಹುವೆಫಾರ್ಮಾ ಕೊಂಡಿತು.

ಲಾಭವಿಲ್ಲದೆ, ನಷ್ಟವಿಲ್ಲದೆ ಮಾರಲು ಸನೋಫಿಗೆ ಕಿಲೋಗೆ 350ರಿಂದ 400 ಡಾಲರ್ ಬೇಕಿತ್ತು. ಆ ಹೊತ್ತಿಗೆ ಗಿಡದಿಂದ ತೆಗೆದ ಮದ್ದು 250 ಡಾಲರಿಗೂ ಕಡಿಮೆಗೆ ಸಿಗುತ್ತಿತ್ತು. ಇಷ್ಟನ್ನು ಎಲ್ಲ ವರದಿಗಳೂ ಹೇಳುತ್ತವೆ, ಹೇಳಿ ಪೇಟೆಯ ಕ್ರೌರ್ಯ ಎಂದು ನಿಟ್ಟುಸಿರು ಬಿಡುತ್ತವೆ. ನನಗೆ ಅದು ಒಪ್ಪಿಗೆಯಿಲ್ಲ. ಗಿಡದ ಮದ್ದಿನ ಬೆಲೆ ನಡೆದ ದಾರಿ ನೋಡಿ. 2005ರ ಸುಮಾರಿಗೆ ಕಿಲೋಗೆ ಸಾವಿರ ಡಾಲರ್ ದಾಟಿತ್ತು. ಅದನ್ನು ಕಂಡು ಚೀನಾ, ವಿಯೆಟ್ನಾಂ, ಪೂರ್ವ ಆಫ್ರಿಕಾದ ರೈತರೆಲ್ಲ ಗಿಡ ಹಾಕಿದರು. 2007ಕ್ಕೆ ಇನ್ನೂರರ ಆಸುಪಾಸಿಗೆ ಬಿತ್ತು. ರೈತರು ಕೈಬಿಟ್ಟರು. 2011ರ ಸುಮಾರಿಗೆ ಮತ್ತೆ ಸಾವಿರದ ಹತ್ತಿರ. ಮತ್ತೆ ಬಿತ್ತನೆ, ಮತ್ತೆ ಕುಸಿತ. ಕೋಲಾರದ ಟೊಮೆಟೊ ಬೆಳೆಗಾರರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಅಂದರೆ ಕೊರತೆಯಿದ್ದದ್ದು ಅಗ್ಗದ ಅಣುವಿಗಲ್ಲ, ಸ್ಥಿರವಾದ ಬೆಲೆಗೆ. ಯೋಜನೆ ರೂಪುಗೊಂಡದ್ದು ಬೆಲೆಯ ಶಿಖರದ ವರ್ಷಗಳಲ್ಲಿ, ಆ ಶಿಖರವನ್ನೇ ಸಮತಟ್ಟು ನೆಲವೆಂದು ನಂಬಿ. ಒಂಬತ್ತು ವರ್ಷ ದುಡಿದು ಕಾರ್ಖಾನೆ ಎದ್ದಾಗ ನೆಲ ಕೆಳಗಿಳಿದಿತ್ತು.

ಸ್ಥಿರತೆಯೇ ಬೇಕಿದ್ದರೆ ದಾರಿಗಳಿದ್ದವು. ಈ ಮದ್ದಿನ ದೊಡ್ಡ ಗಿರಾಕಿಗಳು ಬೆರಳೆಣಿಕೆಯ ಅಂತರರಾಷ್ಟ್ರೀಯ ನಿಧಿಗಳು ಮತ್ತು ಸರ್ಕಾರಗಳು. ಅವರು ಹಲವು ವರ್ಷಗಳ ಖರೀದಿಗೆ ಮೊದಲೇ ಮಾತು ಕೊಟ್ಟು, ದಾಸ್ತಾನು ಇಟ್ಟು, ಗಿಡದ ಬೆಲೆ ಏರಿದಾಗ ಯೀಸ್ಟು ಚಾಲೂ ಮಾಡುವ ಏರ್ಪಾಡು ಮಾಡಬಹುದಿತ್ತು. ಆಗ ಗರೆಸ್ಸಿಯೊ ಕಾರ್ಖಾನೆ ರೈತನ ಎದುರಾಳಿಯಾಗದೆ ಬರಗಾಲದ ಕಣಜವಾಗುತ್ತಿತ್ತು. ಸಂಶೋಧನೆಗೆ ಕೋಟಿ ಡಾಲರ್‌ಗಟ್ಟಲೆ ಕೊಟ್ಟವರು ಖರೀದಿಯ ಖಾತರಿಗೆ ಅಷ್ಟೇ ಯೋಚನೆ ಕೊಡಲಿಲ್ಲ.

ಇನ್ನೊಂದು ಸಣ್ಣ ಲೆಕ್ಕವೂ ಇದೆ. ಆರ್ಟೆಮಿಸಿನಿನ್ನಿಂದ ತಯಾರಿಸಿ ದೊಡ್ಡವರಿಗೆ ಕೊಡುವ ಆರ್ಟೆಮೆಥರ್ ಜೋಡಿಮದ್ದಿನ ಮೂರು ದಿನಗಳ ಪೂರ್ತಿ ಚಿಕಿತ್ಸೆಯಲ್ಲಿ, ಅಂದರೆ 24 ಮಾತ್ರೆಗಳಲ್ಲಿ, ಇರುವ ಆರ್ಟೆಮೆಥರ್ 480 ಮಿಲಿಗ್ರಾಂ. ತಯಾರಿಕೆಯ ನಷ್ಟ ಸೇರಿಸಿದರೂ ಅರ್ಧ ಗ್ರಾಂಗಿಂತ ತುಸು ಹೆಚ್ಚು ಕಚ್ಚಾಮದ್ದು ಸಾಕು. ಕಿಲೋಗೆ ನೂರು ಡಾಲರ್ ಹೆಚ್ಚುಕಡಿಮೆಯಾದರೆ ಒಬ್ಬ ರೋಗಿಯ ಲೆಕ್ಕದಲ್ಲಿ ಅದು ಐದಾರು ಸೆಂಟ್. ಬೆಲೆ ಸಾವಿರ ದಾಟಿದ್ದಾಗ ಕಚ್ಚಾಮದ್ದು ನಿಜಕ್ಕೂ ಭಾರವೇ. ಮಿಕ್ಕ ಕಾಲದಲ್ಲಿ ರೋಗಿಗೂ ಮದ್ದಿಗೂ ನಡುವಿನ ದೂರ ಬೇರೆಡೆ ಇರುತ್ತದೆ: ರಕ್ತ ಪರೀಕ್ಷಿಸುವವರಲ್ಲಿ, ಮಾತ್ರೆ ತಲುಪಿಸುವವರಲ್ಲಿ, ಅದನ್ನು ಪೂರ್ತಿ ನುಂಗಿಸುವವರಲ್ಲಿ. ಮಂಗಳೂರನ್ನೇ ನೋಡಿ. ಕಟ್ಟಡಗಳು ಏಳುತ್ತಿದ್ದಷ್ಟು ಕಾಲ ಮಲೇರಿಯಾದ ಮಡುವಾಗಿದ್ದ ಆ ನಗರದಲ್ಲಿ ಹೆಚ್ಚಿನ ಪ್ರಕರಣಗಳು ವೈವಾಕ್ಸ್ ಜಾತಿಯವು. ಅದಕ್ಕೆ ಹಳೆಯ ಕ್ಲೋರೋಕ್ವಿನ್ ಸಾಕು, ಜೊತೆಗೆ ಹದಿನಾಲ್ಕು ದಿನ ಪ್ರೈಮಾಕ್ವಿನ್. ಜ್ವರ ಬಿಟ್ಟ ಕೂಲಿಯವನು ಮೂರನೇ ದಿನಕ್ಕೆ ಕೆಲಸಕ್ಕೆ ಹೋಗುತ್ತಾನೆ, ಮಾತ್ರೆ ಮರೆಯುತ್ತಾನೆ. 2015ರಿಂದ ಅಲ್ಲಿ ಆರೋಗ್ಯ ಕಾರ್ಯಕರ್ತರ ಕೈಗೆ ಟ್ಯಾಬ್ಲೆಟ್ ಕಂಪ್ಯೂಟರ್ ಕೊಟ್ಟು, ಪ್ರತಿ ಪ್ರಕರಣವನ್ನೂ ವಿಳಾಸ ಸಹಿತ ದಾಖಲಿಸಿ ಬೆನ್ನು ಹತ್ತುವ ವ್ಯವಸ್ಥೆ ಬಂತು. ಪ್ರಕರಣಗಳು ಗಣನೀಯವಾಗಿ ಇಳಿದವು. ಈ ಕೆಲಸದ ಬಗ್ಗೆ ಯಾರೂ ಸಾಕ್ಷ್ಯಚಿತ್ರ ತೆಗೆಯುವುದಿಲ್ಲ, ಅದು ಬೇರೆ ಮಾತು.

ವಿರೋಧಿಸಿದವರ ಲೆಕ್ಕವೂ ಪೂರ್ತಿ ಸರಿಯಿರಲಿಲ್ಲ. ಈ ಯೀಸ್ಟಿನಿಂದ ಒಂದು ಲಕ್ಷದಷ್ಟು ಸಣ್ಣ ರೈತರ ಬದುಕು ಮುಳುಗುತ್ತದೆ ಎಂದು ಇಟಿಸಿ ಗ್ರೂಪಿನಂಥ ಸಂಘಟನೆಗಳು ಎಚ್ಚರಿಸಿದವು. ನಡೆದದ್ದು ತಿರುವುಮುರುವು, ಗಿಡವೇ ಯೀಸ್ಟನ್ನು ಸೋಲಿಸಿತು. ಆದರೂ ಅವರ ಪ್ರಶ್ನೆಯ ತಿರುಳು ಉಳಿಯುತ್ತದೆ. ಒಪ್ಪಂದದ ಮೇಜಿನ ಸುತ್ತ ವಿಶ್ವವಿದ್ಯಾಲಯ, ಕಂಪನಿ, ಲಾಭರಹಿತ ಸಂಸ್ಥೆ ಕೂತಿದ್ದವು. ಗಿಡ ಬೆಳೆಯುವವನಿಗೆ ಕುರ್ಚಿ ಇರಲಿಲ್ಲ. ಇದ್ದಿದ್ದರೆ ಬೆಲೆಯ ಏರಿಳಿತದ ಸುದ್ದಿಯನ್ನು ಮೊದಲ ದಿನವೇ ಅವನು ಹೇಳುತ್ತಿದ್ದ.

ಅಮೈರಿಸ್ ಮುಂದೆ ಏನಾಯಿತು? ಕಬ್ಬಿನ ಸಕ್ಕರೆಯಿಂದ ಇಂಧನ ತೆಗೆಯುವ ಆಸೆಯಲ್ಲಿ ಬ್ರೆಜಿಲ್‌ಗೆ ಹೋಯಿತು, 2010ರಲ್ಲಿ ಷೇರುಪೇಟೆಗೆ ಬಂತು, ಇಂಧನದ ಗುರಿ ಮುಟ್ಟದೆ 2012ರಲ್ಲಿ ಹಿಂದೆ ಸರಿಯಿತು. ಕೊನೆಗೆ ಚರ್ಮಕ್ಕೆ ಹಚ್ಚುವ ಸ್ಕ್ವಾಲೇನ್, ತಾರೆಯರ ಹೆಸರಿನ ಸೌಂದರ್ಯವರ್ಧಕಗಳು. 2023ರ ಆಗಸ್ಟ್‌ನಲ್ಲಿ ದಿವಾಳಿ ಅರ್ಜಿ. ಮಲೇರಿಯಾದಿಂದ ಮುಖಕ್ಕೆ ಹಚ್ಚುವ ಎಣ್ಣೆಗೆ ಇಳಿದರು ಎಂದು ನಗುವುದು ಸುಲಭ. ಶಾರ್ಕ್ ಮೀನಿನ ಯಕೃತ್ತಿನಿಂದ ತೆಗೆಯುತ್ತಿದ್ದ ಸ್ಕ್ವಾಲೇನನ್ನು ಸಕ್ಕರೆಯಿಂದ ತೆಗೆದದ್ದು ಸಣ್ಣ ಉಪಕಾರವೇನಲ್ಲ. ದಿವಾಳಿಗೆ ಮಲೇರಿಯಾ ಯೋಜನೆ ಕಾರಣವೂ ಅಲ್ಲ. ಆ ಯೋಜನೆಗೆ ಗೆರೆ ಎಳೆದಿದ್ದರಿಂದಲೇ ಕಂಪನಿಯ ಏಳುಬೀಳು ಮದ್ದನ್ನು ಕೆಡಿಸಲಿಲ್ಲ. ಹಳೆಯ ಕರಾರಿನ ಬೆಲೆ ಇಲ್ಲೂ ಕಾಣುತ್ತದೆ.

ಅದೇ ಒನ್‌ವರ್ಲ್ಡ್ ಹೆಲ್ತ್ ಇನ್ನೊಂದು ಕೆಲಸ ಮಾಡಿತ್ತು, ಅದನ್ನು ಕೇಳಿದವರು ಕಡಿಮೆ. ಲಾಭವಿಲ್ಲವೆಂದು ಮೂಲೆ ಸೇರಿದ್ದ ಪ್ಯಾರೊಮೊಮೈಸಿನ್ ಎಂಬ ಹಳೆಯ ಔಷಧವನ್ನು ಬಿಹಾರದಲ್ಲಿ ಕಾಲಾ ಅಜಾರ್ ರೋಗಿಗಳ ಮೇಲೆ ಪರೀಕ್ಷಿಸಿ, 2006ರಲ್ಲಿ ಭಾರತದ ಅನುಮತಿ ಪಡೆದು, ಹೈದರಾಬಾದಿನ ಗ್ಲ್ಯಾಂಡ್ ಫಾರ್ಮಾದಿಂದ ತಯಾರಿಸಿತು. ಹೊಸ ಅಣುವಿಲ್ಲ, ಹೊಸ ಜೀವಿಯಿಲ್ಲ. ಎಲ್ಲೆಲ್ಲಿ ತಡೆಯಿತ್ತೋ ಅಲ್ಲಲ್ಲಿ ಕೈ ಹಾಕಿತು, ಅಷ್ಟೆ. ಮಾದರಿ ಹುಡುಕುವವರಿಗೆ ನಾನು ಇದನ್ನೇ ಮೊದಲು ತೋರಿಸುತ್ತೇನೆ.

ನಮ್ಮಲ್ಲೇ ಸೌರವಿದ್ಯುತ್ತಿನ ಕಂಪನಿ ಸೆಲ್ಕೊ ಇದೆ. ಹರೀಶ್ ಹಂದೆ ಅವರು ನೆವಿಲ್ ವಿಲಿಯಮ್ಸ್ ಜೊತೆ 1995ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದಾಗ ಸೌರಫಲಕ ಹೊಸ ಸಂಶೋಧನೆಯೇನೂ ಆಗಿರಲಿಲ್ಲ. ತಿಂಗಳಿಗೆ 300 ರೂಪಾಯಿ ಆಗದ ಬೀದಿ ವ್ಯಾಪಾರಿಗೆ ದಿನಕ್ಕೆ 10 ರೂಪಾಯಿ ಆಗುತ್ತದೆ ಎಂಬ ಪಾಠವನ್ನು ಹಂದೆ ತಮ್ಮ ಮಾತುಗಳಲ್ಲಿ ಮತ್ತೆ ಮತ್ತೆ ಹೇಳುತ್ತಾರೆ. ಬೆಲೆ ಇಳಿಸುವ ಬದಲು ಕಂತನ್ನು ಗಿರಾಕಿಯ ದುಡಿಮೆಯ ಲಯಕ್ಕೆ ಹೊಂದಿಸಿದರು, ಕರಾವಳಿಯ ಬ್ಯಾಂಕುಗಳನ್ನೂ ಗ್ರಾಮೀಣ ಬ್ಯಾಂಕುಗಳನ್ನೂ ಸಾಲಕ್ಕೆ ಒಪ್ಪಿಸಿದರು. ಜರ್ಮನಿಯ ಸಹಾಯಧನದಿಂದ ಜಗತ್ತಿನೆಲ್ಲೆಡೆ ಫಲಕದ ಬೆಲೆ ಏರಿದಾಗ ಸೆಲ್ಕೊ ಕೂಡ ನಷ್ಟಕ್ಕೆ ಸಿಕ್ಕಿ ತತ್ತರಿಸಿತು. ದೂರದ ಪೇಟೆ ಯಾರನ್ನೂ ಬಿಡುವುದಿಲ್ಲ. ಸೆಲ್ಕೊ ಎದ್ದು ನಿಂತಿತು, 2011ರಲ್ಲಿ ಹಂದೆ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದರ ಬೇರು ಗಿರಾಕಿಯ ಕಡೆಗಿತ್ತು, ಎಮರಿವಿಲ್ ಯೋಜನೆಯ ಬೇರು ಪ್ರಯೋಗಾಲಯದ ಕಡೆಗೆ. ವ್ಯತ್ಯಾಸ ಅಲ್ಲಿಂದ ಶುರುವಾಯಿತು ಎಂದು ನನ್ನ ಎಣಿಕೆ.

ಎಮರಿವಿಲ್‌ನಲ್ಲಿ ಕೆಲಸ ನಿಂತಿಲ್ಲ. ಕೀಸ್ಲಿಂಗ್ ನೇತೃತ್ವದ ಜೈವಿಕ ಇಂಧನ ಸಂಸ್ಥೆ ಜೆಬಿಇಐ ಇರುವುದು ಈ ಊರಲ್ಲೇ. ಅವರ ತಂಡ 2024ರಲ್ಲಿ ಕ್ಯೂಎಸ್-21 ಎಂಬ ವಸ್ತುವನ್ನು ಮೊದಲಿಂದ ಕೊನೆಯವರೆಗೆ ಯೀಸ್ಟಿನೊಳಗೇ ತಯಾರಿಸಿ ತೋರಿಸಿತು. ಲಸಿಕೆಯ ಕಸುವು ಹೆಚ್ಚಿಸುವ ಈ ವಸ್ತು ಈಗ ಸಿಗುವುದು ಚಿಲಿ ದೇಶದ ಸಾಬೂನು ತೊಗಟೆಯ ಮರದಿಂದ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶಿಫಾರಸು ಮಾಡಿದ ಮೊದಲ ಮಲೇರಿಯಾ ಲಸಿಕೆಯಲ್ಲಿ ಇದು ಇದೆ. ಪುಣೆಯ ಸೀರಂ ಸಂಸ್ಥೆ ತಯಾರಿಸುವ ಎರಡನೇ ಲಸಿಕೆಗೂ ಅದೇ ಮರದ ಸತ್ವ ಬೇಕು. ಇಳುವರಿ ಸದ್ಯಕ್ಕೆ ಅತ್ಯಲ್ಪ. ಅದು ಹೆಚ್ಚುತ್ತದೆ, ಆ ಕೆಲಸ ಇವರಿಗೆ ಗೊತ್ತು. ಮರದ ಪೂರೈಕೆ ಕುಗ್ಗಿದ ವರ್ಷ ಯೀಸ್ಟಿನದನ್ನು ಕೊಳ್ಳುವವರು ಯಾರು, ಮರದ್ದು ಅಗ್ಗವಾದ ವರ್ಷವೂ ಕೊಳ್ಳುತ್ತೇವೆಂದು ಬರೆದುಕೊಡುವವರು ಯಾರು, ತೊಗಟೆ ಸುಲಿದು ಬದುಕುವ ಚಿಲಿಯವರ ಜೊತೆ ಮಾತಾಡಿದವರು ಯಾರು ಎಂಬ ವಿಚಾರಕ್ಕೆ ಪ್ರಯೋಗಾಲಯದ ಪ್ರಬಂಧದಲ್ಲಿ ಜಾಗವಿರುವುದಿಲ್ಲ. ಈ ಊರಿಗೆ ಸ್ಫೂರ್ತಿ ಹುಡುಕಿಕೊಂಡು ಬರುವ ನಮ್ಮ ಹುಡುಗರಲ್ಲಿ ಒಬ್ಬರಾದರೂ ಅದನ್ನು ಕೇಳಲು ಇನ್ನೂ ಕಾಲ ಮಿಂಚಿಲ್ಲ.